ಬಾಗಿಲು ತಟ್ಟಿದವನು ಸೂರು ಹತ್ತಿದ್ದು ಹೇಗೆ

ಆ ಬೀದಿಯ ಜನ ಹದಿನಾಲ್ಕು ವರ್ಷ ಯಾವ ಸಿನಿಮಾವನ್ನೂ ಪೂರ್ತಿ ನೋಡಲಿಲ್ಲ. ನೋಡಿದೆವು ಎಂದೇ ಅವರ ನಂಬಿಕೆ. ಆ ನಂಬಿಕೆಯನ್ನು ಕಟ್ಟಿ, ಕಾಪಾಡಿ, ದಿನಕ್ಕೆ ಮೂವತ್ತು ಮನೆಗಳಿಗೆ ಹಂಚುತ್ತಿದ್ದ ಮಹಾಪುರುಷನೇ ಕತ್ತರಿ ಮಾಮ.

ಅವನದು ವಿಡಿಯೊ ಲೈಬ್ರರಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಸಾಮ್ರಾಜ್ಯ. ಮೂರು ಗೋಡೆಗೆ ಕ್ಯಾಸೆಟ್ಟು, ನಾಲ್ಕನೆಯದಕ್ಕೆ ಬಾಗಿಲು. ಒಳಗೆ ಪರದೆಯ ಹಿಂದೆ ಎರಡು ವಿಸಿಆರ್‌ಗಳು ವೈರಿನಿಂದ ಹೆಣೆದುಕೊಂಡು ಹಗಲೆಲ್ಲ ಗಿರಗಿರ ಎನ್ನುತ್ತಿದ್ದವು. ಒಂದರಲ್ಲಿ ಅಸಲು ಓಡುತ್ತಿತ್ತು, ಇನ್ನೊಂದು ಅದನ್ನು ನಕಲು ಮಾಡಿಕೊಳ್ಳುತ್ತಿತ್ತು. ತೊಡಕು ಇಷ್ಟೇ: ಮಾಮ ಸಗಟಾಗಿ ತಂದು ರಾಶಿ ಹಾಕಿಕೊಂಡಿದ್ದ ಖಾಲಿ ಕ್ಯಾಸೆಟ್ಟುಗಳೆಲ್ಲ ಎರಡು ಗಂಟೆಯವು. ಸಿನಿಮಾ ತೆಗೆಯುವವರಿಗೋ, ಎರಡು ಗಂಟೆಯೊಳಗೆ ಮಾತು ಮುಗಿಸಿ ಅಭ್ಯಾಸವಿಲ್ಲ. ಆದ್ದರಿಂದ ಮಾಮ ನಕಲು ಯಂತ್ರದ ಪಾಜ್ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನ್ಯಾಯಾಧೀಶನ ಹಾಗೆ ಕೂರುತ್ತಿದ್ದ. ಬೇಡದ ಭಾಗ ಬಂತೋ, ಒತ್ತಿದ. ದಾಟಿತೋ, ಬಿಟ್ಟ. ಮೊದಲು ಹಾಡುಗಳು ಗಡೀಪಾರಾದವು. ಸಾಲದೆ ಬಂದರೆ ಆಸ್ಪತ್ರೆ, ಕೋರ್ಟು, ತಾಯಿಯ ಕಣ್ಣೀರು, ರೈಲು ಹೊರಡುವಾಗ ಕೈಬೀಸುವುದು, ಎಲ್ಲಕ್ಕೂ ಅದೇ ಶಿಕ್ಷೆ. ಒಟ್ಟಿನಲ್ಲಿ ಮೂಗೊರೆಸಿಕೊಳ್ಳುವಂಥದ್ದು ಏನೂ ಅವನ ಅಂಗಡಿಯಿಂದ ಹೊರಗೆ ಹೋಗಬಾರದು.

"ನಿಮ್ಮ ಕ್ಯಾಸೆಟ್ ನೋಡ್ಕೊಂಡು ಬೆಳೆದೋನು ಮಾಮ ನಾನು," ಎಂದು ಎದುರಂಗಡಿಯ ಬೀಗ ರಿಪೇರಿಯವನು ಇವತ್ತಿಗೂ ಹಂಗಿಸುತ್ತಾನೆ. ಲೈಬ್ರರಿಯಲ್ಲಿ ಅವನದು ಹದಿನೇಳನೇ ನಂಬರಿನ ಸದಸ್ಯತ್ವ. "ಆ ಪತ್ತೇದಾರಿ ಪಿಕ್ಚರಲ್ಲಿ ಕೊಲೆ ಮಾಡಿದ್ದು ಯಾರು ಅನ್ನೋದನ್ನೇ ಕತ್ತರಿಸಿಬಿಟ್ಟಿದ್ರಲ್ಲ. ಇಷ್ಟು ವರ್ಷ ಆಯ್ತು, ನಂಗೆ ಎಲ್ಲರ ಮೇಲೂ ಅನುಮಾನ."

"ಕೋರ್ಟಲ್ಲಿ ಹೇಳಿದ್ರಪ್ಪ. ಕೋರ್ಟು ಬಂದ್ರೆ ನಾನು ಕತ್ತರಿಸದೆ ಬಿಡ್ತಿರಲಿಲ್ಲ."

ಕಾಲ ಮಾಮನನ್ನೇ ಕತ್ತರಿಸಿತು. ಕ್ಯಾಸೆಟ್ಟು ಹೋಯಿತು, ಡಿಸ್ಕು ಬಂತು, ಅದೂ ಹೋಯಿತು. ಅದೇ ಕೋಣೆಯಲ್ಲಿ ಈಗ ಜೆರಾಕ್ಸ್ ಯಂತ್ರವಿದೆ. ಅರವತ್ಮೂರರ ಮಾಮ ಜನರ ಮಾರ್ಕ್ಸ್ ಕಾರ್ಡು, ಮರಣಪತ್ರ, ಮನೆ ಕರಾರುಗಳನ್ನು ಒಂದು ಅಕ್ಷರವೂ ಬಿಡದೆ ನಕಲು ಮಾಡಿಕೊಡುತ್ತಾನೆ. ಇದಕ್ಕಿಂತ ಕಠಿಣ ಪ್ರಾಯಶ್ಚಿತ್ತವನ್ನು ಯಾವ ದೇವರೂ ಯೋಚಿಸಿರಲಾರ.

ಸಾಮ್ರಾಜ್ಯದ ರಾಜಮಾತೆ ಮಾಮನ ಅಕ್ಕ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವಳಿಗೆ ಇಪ್ಪತ್ತೊಂದು, ಇವನಿಗೆ ಒಂಬತ್ತು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮೂವತ್ತೇಳು ವರ್ಷ ಊರವರ ಮಾತನ್ನು ಪರವೂರಿನವರ ಕಿವಿಗೆ ಜೋಡಿಸಿದಳು. ಮದುವೆಯ ಮಾತು ಇಬ್ಬರಿಗೂ ಬಂದು ಇಬ್ಬರಿಂದಲೂ ಹೋಯಿತು. ಅಕ್ಕನ ಹಾಗೆ ನಗುವವಳು ಸಿಗಲಿಲ್ಲ ಎಂದು ಇವನು ಹೇಳುತ್ತಿದ್ದ. ಸಿಕ್ಕವರೆಲ್ಲ ಇವನನ್ನು ನೋಡಿಯೇ ನಕ್ಕರು ಎಂದು ಅವಳು ಹೇಳುತ್ತಿದ್ದಳು.

ಆ ನಗುವಿಗೆ ಒಂದು ಕ್ರಮವಿತ್ತು. ಮೊದಲು ಸದ್ದಿಲ್ಲದೆ ಭುಜಗಳು ಕುಣಿಯುತ್ತಿದ್ದವು. ಆಮೇಲೆ ಎಲ್ಲೋ ಗಂಟಲಿನಾಳದಲ್ಲಿ ಕೆಟಲ್ ಶಿಳ್ಳೆ ಹಾಕಿದಂತೆ ಸಣ್ಣ ಸ್ವರ ಏಳುತ್ತಿತ್ತು. ಕೊನೆಗೆ ಬಲಗೈ ಎದ್ದು ಹತ್ತಿರ ಕೂತವರ ಬೆನ್ನಿಗೆ ಫಟ್ ಎಂದು ಬೀಳುತ್ತಿತ್ತು. ಹತ್ತಿರ ಕೂತವನು ಯಾವಾಗಲೂ ತಮ್ಮನೇ. ಅವನ ಬೆನ್ನಿಗೆ ಅಷ್ಟು ವರ್ಷ ಬಿದ್ದ ಹೊಡೆತಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಸಿನಿಮಾದ ಲೆಕ್ಕಕ್ಕೆ ಸೇರಬೇಕು.

ಆ ಸಿನಿಮಾದ ಹೆಸರು 'ಮಹಡಿ ಮನೆ ಖಾಲಿ ಇದೆ'. ಥಿಯೇಟರಿನಲ್ಲಿ ನಾಲ್ಕು ದಿನ ಓಡಿ, ಐದನೆಯ ದಿನ ಓಡಿಹೋದ ಹಾಸ್ಯಚಿತ್ರ. ದಪ್ಪ ಹೊಟ್ಟೆಯ ಒಬ್ಬ ಒಂಟಿ ಮನೆಮಾಲೀಕ. ಅವನ ಮಹಡಿಯಲ್ಲಿ ಬಾಡಿಗೆಗಿರುವ ಅಕ್ಕ ಮತ್ತು ಅವಳ ನಾಲ್ವರು ತಲೆಹರಟೆ ತಮ್ಮಂದಿರು. ಅವರನ್ನು ಬಿಡಿಸಲು ಇವನ ಹೂಟ, ಬಿಡದಿರಲು ಅವರ ಹೂಟ, ಇಷ್ಟೇ ಕಥೆ. ಮಾಮನ ಕೈಗೆ ಅದರ ಅಸಲು ಕ್ಯಾಸೆಟ್ಟು ಬಂದಾಗ ಅವನಿಗೆ ಇಪ್ಪತ್ತಾರು. ಇದ್ದ ಒಂದೇ ಹಾಡನ್ನು ಕಿತ್ತೆಸೆದ ಮೇಲೂ ಹನ್ನೊಂದು ನಿಮಿಷ ಹೆಚ್ಚಾಯಿತು. ನಡುವೆ ಒಂದು ಕಡೆ ನಗುವೇ ಇಲ್ಲದ ಉದ್ದನೆಯ ಮಾತುಕತೆಯಿತ್ತು. ಹೆಬ್ಬೆರಳು ಒತ್ತಿತು. ಸರಿಯಾಗಿ ಹನ್ನೊಂದು ನಿಮಿಷ.

ಹಾಗಾಗಿ ಮಾಮನ ಕ್ಯಾಸೆಟ್ಟಿನಲ್ಲಿ ಮಾಲೀಕ ಮೆಟ್ಟಿಲು ಹತ್ತಿ ಬಂದು, ಕೊಡೆಯ ಹಿಡಿಯಿಂದ ಬಾಗಿಲು ತಟ್ಟುತ್ತಾನೆ. ಅಗುಳಿ ಸರಿಯುವ ಸದ್ದು. ಮರುಕ್ಷಣ ಅವನು ಹೆಂಚಿನ ಸೂರಿನಿಂದ ಜೋತಾಡುತ್ತಿದ್ದಾನೆ, ಬಾಯಲ್ಲಿ ಕೊಡೆ.

"ಲೋ ಪುಟ್ಟ," ಎಂದು ಅಕ್ಕ ಪ್ರತಿ ಸಲವೂ ಹೊಸದಾಗಿ ಕೇಳುತ್ತಿದ್ದಳು, "ಬಾಗಿಲು ತಟ್ಟಿದೋನು ಸೂರು ಹೇಗೋ ಹತ್ತಿದ?"

"ಹಾರಿದಾನೆ ಬಿಡು."

"ಆ ಹೊಟ್ಟೆ ಇಟ್ಕೊಂಡಾ?" ಭುಜ, ಕೆಟಲ್, ಫಟ್.

ಅದು ತನ್ನ ಕೈಗೆಲಸದ ಫಲ ಎಂದು ಮಾಮ ಬೀಗುತ್ತಿದ್ದ. ಸಿನಿಮಾದವರು ಎರಡೂಕಾಲು ಗಂಟೆ ಒದ್ದಾಡಿ ಹುಟ್ಟಿಸಲಾರದ ನಗುವನ್ನು ಅವನ ಒಂದು ಬೆರಳು ಹುಟ್ಟಿಸಿತ್ತು.

ಬೆರಳು ಪಳಗುವ ಮೊದಲು ಅವನ ನಾಲಿಗೆ ಪಳಗಿತ್ತು ಎಂಬುದೂ ಅವನೇ ಅಂಗಡಿಯಲ್ಲಿ ನಗುತ್ತಾ ಹೇಳುತ್ತಿದ್ದ ಕಥೆ. ಅಕ್ಕನ ಆಫೀಸಿನ ಲೈನ್‌ಮನ್ ಒಬ್ಬ ಭಾನುವಾರಗಳಂದು ಮನೆಗೆ ಬರುತ್ತಿದ್ದ. ನಲವತ್ತರ ಆಸುಪಾಸಿನ ಮಿತಭಾಷಿ. "ಫೋನಲ್ಲಿ ಗರಗರ ಅನ್ನುತ್ತಾ?" ಎಂದು ಕೇಳಿ, ರಿಸೀವರ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ, ಟೀ ಕುಡಿದು ಹೋಗುತ್ತಿದ್ದ. ಊರಿನಲ್ಲಿ ಅಷ್ಟು ಆರೋಗ್ಯವಾಗಿದ್ದ ಫೋನ್ ಇನ್ನೊಂದಿರಲಿಲ್ಲ. ಒಂದು ಭಾನುವಾರ ಬಾಗಿಲು ತೆರೆದದ್ದು ತಮ್ಮ.

"ಅಕ್ಕ ಇಲ್ವಾ?"

"ಮಲಗಿದಾಳೆ."

ಲೈನ್‌ಮನ್ ಬಿಚ್ಚಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. ಆಮೇಲೆ, "ಸರಿ, ಹೋಗಿ ಬರ್ತೀನಿ," ಎಂದ.

'ಹೋಗಿ ಬನ್ನಿ' ಎನ್ನಬೇಕು. ಶತ್ರುವಿಗೂ ಹಾಗೇ ಅನ್ನುತ್ತೇವೆ. ತಮ್ಮ, "ಹೋಗಿ," ಎಂದ. ಅಷ್ಟಕ್ಕೇ ನಿಲ್ಲಿಸಿದ. ಲೈನ್‌ಮನ್ ಬಾಕಿ ಮಾತಿಗಾಗಿ ಕಾಯುತ್ತಾ ಒಂದು ಕ್ಷಣ ನಿಂತು, ಅದು ಬರುವುದಿಲ್ಲವೆಂದು ತಿಳಿದು, ಮೆಟ್ಟಿಲಿಳಿದು ಹೋದ. ಮುಂದಿನ ತಿಂಗಳು ಅವನಿಗೆ ವರ್ಗವಾಯಿತು. "ಅದೇ ನನ್ನ ಮೊದಲನೇ ಕಟಿಂಗು," ಎಂದು ಮಾಮ ಹೇಳಿದಾಗಲೆಲ್ಲ ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಅಕ್ಕನ ಮುಂದೆ ಮಾತ್ರ ಅವನು ಆ ಕಥೆ ಹೇಳಿರಲಿಲ್ಲ. ಯಾಕೆ ಎಂದು ತನ್ನನ್ನು ತಾನು ಕೇಳಿಕೊಂಡಿರಲೂ ಇಲ್ಲ.

ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಎಡಗಾಲು ಎಳೆಯುವಂತಾಯಿತು, ಅದು ಹೇಗೋ ನಡೆಯಿತು. ನಡೆಯದೆ ಹೋದದ್ದು ಮಾತು. ಎಪ್ಪತ್ತೈದು ವರ್ಷದ ಮಾತಿನ ಉಗ್ರಾಣವೆಲ್ಲ ಸುಟ್ಟು, ಮೂಲೆಯಲ್ಲಿ ಎಕ್ಸ್‌ಚೇಂಜಿನ ಎರಡು ತುಣುಕು ಉಳಿದಿದ್ದವು.

"ಅಕ್ಕ, ಊಟ ಮಾಡ್ತೀಯಾ?"

"ಲೈನಲ್ಲಿರಿ."

"ಬಿಸಿನೀರು ಸಾಕಾ, ಇನ್ನೊಂದು ಚೊಂಬು ಹಾಕ್ಲಾ?"

"ಎಂಗೇಜ್."

ಮಾಮನ ಎದೆಗೆ ನಾಟುತ್ತಿದ್ದದ್ದು ಆ 'ಇರಿ'. ಲೋ ಎಂದು ಕರೆದು, ಕಿವಿ ಹಿಂಡಿ, ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವಳು ಈಗ ಅವನಿಗೆ ಬಹುವಚನ ಕೊಡುತ್ತಿದ್ದಳು, ಯಾವುದೋ ಊರಿನಿಂದ ಟ್ರಂಕ್ ಕಾಲ್ ಮಾಡಿದವನಿಗೆ ಕೊಟ್ಟ ಹಾಗೆ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು "ಹೋಗಿ ಬರ್ತೀನಿ ಅಕ್ಕ" ಎಂದರೂ ಅದೇ: "ಲೈನಲ್ಲಿರಿ." ಅವಳು ನಕ್ಕು ಹದಿನಾಲ್ಕು ತಿಂಗಳಾಗಿತ್ತು. ಬೆನ್ನು ಹದಿನಾಲ್ಕು ತಿಂಗಳಿಂದ ಸುಖವಾಗಿತ್ತು, ಅದನ್ನು ಸುಖ ಎನ್ನುವುದಾದರೆ.

ಮಂಗಳವಾರ ಮಾತು ಕಲಿಸಲು ಬರುತ್ತಿದ್ದ ಹುಡುಗಿ ಹಸು, ಬಟ್ಟಲು, ಗಡಿಯಾರದ ಚಿತ್ರ ತೋರಿಸುತ್ತಿದ್ದಳು. ಅಕ್ಕ ಹಸುವಿಗೂ ಕಾಯಲು ಹೇಳುತ್ತಿದ್ದಳು.

"ಅಂಕಲ್, ಅವರಿಗೆ ತುಂಬಾ ಹಿಡಿಸಿದ ಹಾಡೋ ಸಿನಿಮಾನೋ ಇದ್ರೆ ತೋರಿಸಿ," ಎಂದಳು ಹುಡುಗಿ. "ಯೋಚನೆ ಮಾಡಿ ಹೇಳೋ ಮಾತು ಬರಲ್ಲ. ಬಾಯಿಪಾಠ ಆಗಿರೋದು ಕೆಲವು ಸಲ ತಾನಾಗೇ ಬರುತ್ತೆ. ನಗುನೂ ಅಷ್ಟೆ."

"ನಕ್ರೆ ಮಾತು ಬರುತ್ತಾಮ್ಮ?"

"ಅದು ಹೇಳೋಕಾಗಲ್ಲ ಅಂಕಲ್. ಇನ್ನೊಂದು ಸಲ ಲಕ್ವ ಹೊಡೆದ್ರೆ ಇರೋದೂ ಇರಲ್ಲ. ಕೇಳಿಸ್ಕೋಬೇಕಾದ್ದು ಇದ್ರೆ ಈಗಲೇ ಕೇಳಿಸ್ಕೊಳ್ಳಿ."

ಮಾಮ ಅಂದೇ ಅಟ್ಟ ಹತ್ತಿದ. ಕ್ಯಾಸೆಟ್ಟು ಸಿಕ್ಕಿತು, ಮುದಿ ವಿಸಿಆರೂ ಸಿಕ್ಕಿತು. ರಿಬ್ಬನ್ ಓದುವ ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಹತ್ತಿಯಲ್ಲಿ ಒರೆಸಿ, ಎಲ್ಲ ಶಾಸ್ತ್ರೋಕ್ತವಾಗಿ ನಡೆಸಿ, ಕ್ಯಾಸೆಟ್ಟನ್ನು ಒಳಗೆ ತಳ್ಳಿದ. ಎಷ್ಟೋ ವರ್ಷದಿಂದ ಉಪವಾಸವಿದ್ದ ಯಂತ್ರ ರಿಬ್ಬನ್ನಿನ ತುದಿ ಕಂಡದ್ದೇ ಗಬಗಬನೆ ತಿನ್ನತೊಡಗಿತು. ಅವನು ಪ್ಲಗ್ ಕೀಳುವಷ್ಟರಲ್ಲಿ ಹಾಸ್ಯಚಿತ್ರ ಶಾವಿಗೆಯಾಗಿತ್ತು.

ಬೀಗದವನು ಈ ವರದಿ ಕೇಳಿ ಹನ್ನೆರಡು ದಿನ ಊರಿನ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದ. ಹದಿಮೂರನೆಯ ದಿನ ಜೆರಾಕ್ಸ್ ಯಂತ್ರದ ಮೇಲೆ ಒಂದು ಡಿಸ್ಕನ್ನು ತಂದಿಟ್ಟ. ಮರೆತುಹೋದ ಸಿನಿಮಾಗಳನ್ನು ಯಾವುದೋ ಕಂಪನಿ ಹೊಸದಾಗಿ ತೊಳೆದು ತಂದಿತ್ತಂತೆ. ಕವರಿನ ಮೇಲೆ ದಪ್ಪಹೊಟ್ಟೆಯ ಮಾಲೀಕ. ಕೆಳಗೆ ದೊಡ್ಡ ಅಕ್ಷರದಲ್ಲಿ: ಸಂಪೂರ್ಣ ಚಿತ್ರ, ಎಲ್ಲೂ ಕತ್ತರಿ ಹಾಕಿಲ್ಲ.

"ಓದಿ ಮಾಮ, ಜೋರಾಗಿ ಓದಿ," ಎಂದ ಬೀಗದವನು. "ನಿಮಗೇ ಬರೆದ ಹಾಗಿದೆ."

ಮರುದಿನ ಮಧ್ಯಾಹ್ನ ಮಾಮ ಅಂಗಡಿ ಮುಚ್ಚಿ ಬಂದ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಎಡಗಾಲ ಕೆಳಗೆ ಸ್ಟೂಲಿಟ್ಟು, ಕನ್ನಡಕ ಒರೆಸಿ ಹಾಕಿದ. ಬೀಗದವನ ಮಗಳಿಂದ ಎರವಲು ತಂದ ಪ್ಲೇಯರಿಗೆ ಡಿಸ್ಕು ಹಾಕಿದ. ತಾನು ನೆಲದ ಮೇಲೆ, ಅವಳ ಬಲಗೈಗೆ ಎಟಕುವಂತೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಏಟಿಗಾಗಿ ಇಷ್ಟು ಸಿದ್ಧತೆ ಮಾಡಿಕೊಂಡು ಕೂತ ಬೆನ್ನು ಲೋಕದಲ್ಲಿ ಇನ್ನೊಂದಿರಲಾರದು.

ಸಿನಿಮಾ ಶುರುವಾಯಿತು. ತಮ್ಮಂದಿರು ಮಾಲೀಕನ ಹಾಸಿಗೆಯಲ್ಲಿ ಆಮೆ ಬಿಟ್ಟರು. ಅಕ್ಕ ನಗಲಿಲ್ಲ. ಮಾಲೀಕ ಅವರ ನೀರು ನಿಲ್ಲಿಸಲು ಹೋಗಿ ತನ್ನ ಸ್ನಾನವನ್ನೇ ನಿಲ್ಲಿಸಿಕೊಂಡ. ನಗಲಿಲ್ಲ. ಇರಲಿ, ಇವೆಲ್ಲ ಸಣ್ಣಪುಟ್ಟ ಪಟಾಕಿ ಎಂದು ಮಾಮ ಧೈರ್ಯ ತಂದುಕೊಂಡ. ಬಾಂಬು ಮುಂದಿದೆ.

ಮಾಲೀಕ ಮೆಟ್ಟಿಲು ಹತ್ತಿದ. ಕೊಡೆಯ ಹಿಡಿಯಿಂದ ಬಾಗಿಲು ತಟ್ಟಿದ. ಅಗುಳಿ ಸರಿಯಿತು. ಮಾಮ ಬೆನ್ನು ಒಡ್ಡಿದ.

ಬಾಗಿಲು ತೆರೆಯಿತು. ಪೂರ್ತಿ ತೆರೆಯಿತು. ಒಳಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಆ ನಾಲ್ವರ ಅಕ್ಕ ನಿಂತಿದ್ದಳು. ಮಾಮನ ಕ್ಯಾಸೆಟ್ಟಿನಲ್ಲಿ ಒಮ್ಮೆ ತಟ್ಟೆ ಹಿಡಿದು, ಒಮ್ಮೆ ಒಗೆದ ಬಟ್ಟೆ ಹಿಡಿದು ಹಾದುಹೋಗುತ್ತಿದ್ದವಳು, ಅಷ್ಟೆ. ಈಗ ನೋಡಿದರೆ ಅವಳಿಗೊಂದು ಮುಖವಿತ್ತು. ಮನೆ ಬಿಡಿ ಎಂದು ಗದರಲು ಬಂದ ಮಾಲೀಕ ಬಂದದ್ದನ್ನು ಮರೆತು, ಕೊಡೆಯನ್ನು ಕೈಯಿಂದ ಕೈಗೆ ಬದಲಿಸುತ್ತಾ, ತಡವರಿಸುತ್ತಾ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳುವ ದಾರಿ ಹಿಡಿದಿದ್ದ.

ಮಾಮನಿಗೆ ಗುರುತು ಸಿಕ್ಕಿತು. ಇದೇ ಆ ಹನ್ನೊಂದು ನಿಮಿಷ. ನಗು ಕೆಡುವ ಮೊದಲು ಹಾರಿಸಿಬಿಡಬೇಕು ಎಂದು ರಿಮೋಟಿಗೆ ಕೈ ಚಾಚಿದ. ಹೆಬ್ಬೆರಳು ತನ್ನ ಹಳೆಯ ಜಾಗವನ್ನು ತಾನಾಗಿ ಹುಡುಕಿಕೊಂಡಿತು.

"ಲೈನಲ್ಲಿರಿ," ಎಂದಳು ಅಕ್ಕ.

ಅವನು ತಿರುಗಿ ನೋಡಿದ. ಅವಳ ಬಲಗೈ ಅರ್ಧ ಎದ್ದಿತ್ತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮಾತು ಬರಬೇಕಾದ ಜಾಗದಲ್ಲಿ ಬಂದಿತ್ತು. ಅವನು ಹೆಬ್ಬೆರಳು ತೆಗೆದ.

ಪರದೆಯ ಮೇಲಿನ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ತಮ್ಮಂದಿರ ನಾಲ್ಕು ಹಾಸಿಗೆಗಳನ್ನು ಒಂದೊಂದಾಗಿ ಮಡಿಸಿ ಮೂಲೆಗೆ ಸೇರಿಸಿದಳು. ಕೊನೆಗೆ ಬಾಗಿಲಿಗೆ ಬಂದು ಬಾಯಿ ತೆರೆದಳು. ಆದರೆ ಮಾತು ಬಂದದ್ದು ಪರದೆಯಿಂದಲ್ಲ, ಮಾಮನ ಬೆನ್ನ ಹಿಂದಿನಿಂದ. ಪರದೆಯವಳಿಗಿಂತ ಅರೆಗಳಿಗೆ ಮೊದಲು, ತೊದಲದೆ, ಎಕ್ಸ್‌ಚೇಂಜಿನ ಹಳೆಯ ಸ್ಪಷ್ಟ ದನಿಯಲ್ಲಿ:

"ಹೋಗಿ ಬನ್ನಿ ಅಂತಾನೇ ಅನ್ನಬೇಕಲ್ವಾ? ಅಂತಿದೀನಿ. ಬನ್ನಿ ಅನ್ನೋದನ್ನ ಮಾತ್ರ ಕೇಳಿಸ್ಕೋಬೇಡಿ."

ಪರದೆಯವಳು ಅದನ್ನೇ ಹೇಳಿದಳು, ಪಾಠ ಒಪ್ಪಿಸುವವಳ ಹಾಗೆ.

ಆಗ ಮೆಟ್ಟಿಲ ಮೇಲೆ ತಮ್ಮಂದಿರ ಗಲಾಟೆ ಕೇಳಿಸಿತು. ಅವರು ತನ್ನನ್ನು ಇಲ್ಲಿ ಕಂಡರೆ ಇವಳಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಮಾಲೀಕ ಕೊಡೆಯನ್ನು ಬಾಯಲ್ಲಿ ಕಚ್ಚಿ, ಹಿಂದಿನ ಕಿಟಕಿಯಿಂದ ಹೊಟ್ಟೆ ತೂರಿಸಿ, ಹೆಂಚಿನ ಮೇಲೆ ಇಳಿದ. ಹೆಂಚು ಜಾರಿತು. ಅವನು ಸೂರಿನಿಂದ ಜೋತಾಡಿದ.

ಹಾಗೆ ಹತ್ತಿದ್ದ, ಬಾಗಿಲು ತಟ್ಟಿದವನು.

ಅಕ್ಕ ನಗಲಿಲ್ಲ. ಅಳಲೂ ಇಲ್ಲ. ಡ್ಯೂಟಿ ಮುಗಿಯಲು ಇನ್ನೆಷ್ಟು ಹೊತ್ತಿದೆ ಎಂದು ಗಡಿಯಾರ ನೋಡುವವಳಂತೆ ಕೊನೆಯವರೆಗೂ ನೋಡಿದಳು.

ಮಾಮ ನೆಲದಿಂದೇಳಲಿಲ್ಲ. ಆ ಮಾತು ಅವನ ಕ್ಯಾಸೆಟ್ಟಿನಲ್ಲಿರಲಿಲ್ಲ. ಅವಳಿಗೆ ಅದು ಗೊತ್ತಿರಬೇಕಾದರೆ ಥಿಯೇಟರಿನ ಆ ನಾಲ್ಕು ದಿನಗಳಲ್ಲೇ ನೋಡಿರಬೇಕು. ಅಕ್ಕ ಒಬ್ಬಳೇ ಥಿಯೇಟರಿಗೆ ಹೋದವಳಲ್ಲ. ಇವನಂತೂ ಕರೆದುಕೊಂಡು ಹೋಗಿರಲಿಲ್ಲ. ಆ ವಾರ ಒಂದು ಸಂಜೆ ಅವಳು ಮೂಗು ಕೆಂಪಗೆ ಮಾಡಿಕೊಂಡು ಮನೆಗೆ ಬಂದು, "ನೆಗಡಿ ಕಣೋ," ಎಂದದ್ದು ನೆನಪಾಯಿತು. ಅದರ ಮುಂದಿನ ಭಾನುವಾರವೇ ಲೈನ್‌ಮನ್ ಬಾಗಿಲು ತಟ್ಟಿದ್ದು. ಅವನು ಫೋನ್ ನೋಡಲು ಬಂದಿರಲಿಲ್ಲ, ಕೈಯಲ್ಲಿ ಅವತ್ತು ಉಪಕರಣದ ಚೀಲವೇ ಇರಲಿಲ್ಲ. ಥಿಯೇಟರಿನ ಕತ್ತಲಲ್ಲಿ ಕೇಳಿದ್ದಕ್ಕೆ ಉತ್ತರ ತೆಗೆದುಕೊಂಡು ಹೋಗಲು ಬಂದಿದ್ದ. ಉತ್ತರ ಕೊಟ್ಟದ್ದು ತಮ್ಮ.

ಮತ್ತೊಂದೂ ನೆನಪಾಯಿತು. ಮೂವತ್ತೆಂಟು ವರ್ಷ ಎಲ್ಲಿತ್ತೋ. ಮಲಗಿದಾಳೆ ಎಂದು ಅವನು ಹೇಳುವಾಗ ಅಡುಗೆಮನೆಯ ನಲ್ಲಿ ಸುರಿಯುತ್ತಿತ್ತು. "ಹೋಗಿ" ಎಂದು ಬಾಗಿಲು ಹಾಕಿ ತಿರುಗುವಾಗ ನಲ್ಲಿ ನಿಂತಿತ್ತು.

ಆಮೇಲೆ ಅವಳು ಒಂದು ಮಾತೂ ಕೇಳಲಿಲ್ಲ. ಕೆಲವು ತಿಂಗಳು ಕಳೆದು ತಮ್ಮ ಹೆಮ್ಮೆಯಿಂದ ಹಾಕಿದ ಕ್ಯಾಸೆಟ್ಟನ್ನು ಮೊದಲ ಸಲ ನೋಡುವವಳಂತೆ ನೋಡಿ, ಸರಿಯಾಗಿ ಆ ಜಾಗದಲ್ಲಿ, ಬಾಗಿಲು ತಟ್ಟಿದೋನು ಸೂರು ಹೇಗೋ ಹತ್ತಿದ ಎಂದು ಕೇಳಿ, ಅವನ ಬೆನ್ನಿಗೆ ಬಾರಿಸಿದ್ದಳು. ವರ್ಷಗಟ್ಟಲೆ ಬಾರಿಸಿದಳು. ಆ ಏಟುಗಳಲ್ಲಿ ನಗುವಿನದೆಷ್ಟು, ಬೇರೆಯದರದೆಷ್ಟು ಎಂದು ಈಗ ಬೆನ್ನನ್ನು ಕೇಳಿ ಪ್ರಯೋಜನವಿರಲಿಲ್ಲ.

"ಅಕ್ಕ," ಎಂದ, "ಅವತ್ತು ಅವರು ಬಂದಾಗ ನೀನು ಏನು ಹೇಳ್ಬೇಕು ಅಂತಿದ್ದೆ?"

"ಎಂಗೇಜ್," ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಮಾಮ ಎಂದಿನಂತೆ ಅವಳಿಗೆ ತಿಂಡಿ ತಿನ್ನಿಸಿ, ಮಾತ್ರೆ ಕೊಟ್ಟು, ಕಿಟಕಿಯ ಬಳಿ ಕೂರಿಸಿದ. ಡಿಸ್ಕನ್ನು ಕವರಿಗೆ ಹಾಕಿ ಬೀಗದವನಿಗೆ ಹಿಂತಿರುಗಿಸಲು ಚೀಲದಲ್ಲಿಟ್ಟುಕೊಂಡ. ನಗು ಬರಲಿಲ್ಲ ಎಂದರೆ ಅವನು ಏನಾದರೂ ಚುಡಾಯಿಸದೆ ಬಿಡುವವನಲ್ಲ, ಕೇಳಿಸಿಕೊಂಡರಾಯಿತು. ಬಾಗಿಲಿಗೆ ಬಂದು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ.

"ಹೋಗಿ ಬರ್ತೀನಿ ಅಕ್ಕ."

"ಹೋಗಿ," ಎಂದಳು ಅಕ್ಕ.

ಇನ್ನೊಂದು ಚಪ್ಪಲಿ ಕೈಯಲ್ಲೇ ಉಳಿಯಿತು. ಲೈನಲ್ಲಿರಿ ಅಲ್ಲ, ಎಂಗೇಜ್ ಅಲ್ಲ. ಅವನು ಬೆನ್ನು ತಿರುಗಿಸಿಕೊಂಡೇ ಬಾಕಿ ಮಾತಿಗಾಗಿ ಕಾದ. ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಎದುರು ಮನೆಯವರು ಚಾಪೆ ಕೊಡವಿದರು. ಬಾಕಿ ಬರಲಿಲ್ಲ. ನೆನಪಿಗೆ ಬಾರದೆ ನಿಂತಿತೋ, ಬೇಕೆಂದೇ ನಿಲ್ಲಿಸಿದಳೋ? ತಿರುಗಿ ನೋಡಲು ಅವನಿಗೆ ಭಯವಾಯಿತು.

ಆಮೇಲೆ ಹಿಂದೆ ಕುರ್ಚಿ ಕಿರ್ರೆಂದಿತು. ಒಮ್ಮೆ, ಮತ್ತೊಮ್ಮೆ, ಕೂತವರ ಭುಜ ಕುಣಿಯುವಾಗ ಕಿರುಗುಟ್ಟುವಂತೆ. ಎಲ್ಲೋ ಗಂಟಲಿನಾಳದಲ್ಲಿ ಕೆಟಲ್ ಸಣ್ಣಗೆ ಶಿಳ್ಳೆ ಹಾಕಿತು. ಶಿಳ್ಳೆ ಏರಿತು, ಒಡೆಯಿತು, ಮತ್ತೆ ಏರಿತು. ಬಲಗೈ ಎದ್ದು, ಯಾರ ಬೆನ್ನೂ ಸಿಗದೆ, ಕುರ್ಚಿಯ ತೋಳಿನ ಮೇಲೆ ಬಿತ್ತು.

ಹದಿನಾಲ್ಕು ತಿಂಗಳಿಂದ ಕಾದ ನಗು ಅದೇ. ಮಾಮ ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟ. ಮೆಟ್ಟಿದ್ದನ್ನೂ ಬಿಚ್ಚಿದ. ಮುಖ ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ಬಂದು, ಅವಳ ಬಲಗೈಗೆ ಎಟಕುವಷ್ಟು ಹತ್ತಿರ, ನೆಲದ ಮೇಲೆ ಕೂತ.